ಕೆಂಚಿ, ಚೋಯಾ ಮುಳ್ಳು ಮತ್ತು ಐದು ಲಾವಕ್ಕಿ

ಮೊದಲ ವರ್ಷ ನನ್ನ ಕೋವಿಗೆ ಒಂದು ಹಕ್ಕಿಯೂ ಬೀಳಲಿಲ್ಲ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್‌ನಿಂದ ಪೂರ್ವಕ್ಕೆ, ಸುಪೀರಿಯರ್ ಊರಿನ ಸುತ್ತ ಟಾಂಟೊ ನ್ಯಾಷನಲ್ ಫಾರೆಸ್ಟ್ ಇದೆ. ಹೆಸರಿಗೆ ಕಾಡು. ನಾನು ಅಲೆದ ಕಡೆಯೆಲ್ಲ ಇದ್ದದ್ದು ಸವಾರೊ ಕಳ್ಳಿ, ಪಾಲೊ ವರ್ಡೆ ಮರ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಮೆಸ್ಕೀಟ್, ಮಿಕ್ಕಿದ್ದು ಕಲ್ಲು. ಹಣೆಯ ಮೇಲೆ ಕರಿ ಜುಟ್ಟು ಬಾಗಿದ ಗ್ಯಾಂಬಲ್ ಲಾವಕ್ಕಿ ಇರುವುದು ಅಲ್ಲೇ. ನಮ್ಮೂರ ಬುರ್ಲಿಯ ಹಾಗೆ ಕಾಲಬುಡದಿಂದ ಬುರ್ರನೆ ಏಳುತ್ತದೆ ಅಂದುಕೊಂಡಿದ್ದೆ. ಅದು ಓಡುತ್ತದೆ, ಅದೂ ಗುಡ್ಡದ ಮೇಲಕ್ಕೆ.

ಊರಲ್ಲಿ ಬೇಟೆ ನಿಲ್ಲಿಸಿದ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹುಟ್ಟಿದವನು ನಾನು. ಬೇಟೆ ಅಂದರೆ ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ. ಇಲ್ಲಿ ಲೈಸೆನ್ಸ್ ಇದ್ದರೆ ಅಕ್ಟೋಬರ್ ನಡುವಿನಿಂದ ಫೆಬ್ರವರಿ ಶುರುವಿನವರೆಗೆ ಹೊಡೆಯಬಹುದು, ದಿನಕ್ಕೆ 15ರ ಮಿತಿ. ಆ ಮಿತಿಯ ಹತ್ತಿರಕ್ಕೂ ನಾನು ಹೋದವನಲ್ಲ.

ಎರಡನೆಯ ವರ್ಷ ಕೆಂಚಿ ಬಂದಳು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಜಾತಿಯ ಬೇಟೆನಾಯಿ, ಹುರಿದ ಕಾಫಿಬೀಜದ ಬಣ್ಣ. ಬೇಟೆ ಕಲಿಸುವ ಮುಂಚೆ ಬುಡುಬುಡಿಕೆ ಹಾವಿನಿಂದ ದೂರ ಸರಿಯುವ ತರಬೇತಿ ಕೊಡಿಸಿದೆ. ಬಿಸಿಲೇರಿದರೆ ಇಲ್ಲಿ ಡಿಸೆಂಬರಿನಲ್ಲೂ ಹಾವು ಹೊರಗೆ ಬರುವುದುಂಟು.

ಪಕ್ಕದ ಮನೆಯ ಮುದುಕರೊಬ್ಬರು ನನ್ನ ತಪ್ಪನ್ನು ಒಂದೇ ದಿನದಲ್ಲಿ ಹಿಡಿದರು. ನಾನು ಹಿಂಡಿನ ಹಿಂದೆ ಸದ್ದಿಲ್ಲದೆ ನಡೆಯುತ್ತಿದ್ದೆ. ನಡೆದಷ್ಟೂ ಅವು ಓಡುತ್ತವೆ, ನಾಯಿ ಪಾಯಿಂಟ್ ಮಾಡಿ, ಅಂದರೆ ವಾಸನೆ ಹಿಡಿದು ಹಕ್ಕಿಯ ಕಡೆಗೆ ಅಲುಗದೆ ನಿಂತ ಕಡೆ ಬರೀ ವಾಸನೆ ಉಳಿದಿರುತ್ತದೆ. "ಹಿಂಡು ಒಡೀಬೇಕು, ಕೂಗಿ, ಓಡಿ ಹೋಗು" ಅಂದರು. ನಲವತ್ತು ದಾಟಿದ ಮನುಷ್ಯ ಕಳ್ಳಿಗಳ ನಡುವೆ ಹೋ ಎಂದು ಕೂಗುತ್ತ ಓಡುವುದನ್ನು ಆಫೀಸಿನವರು ನೋಡದಿರಲಿ. ಆದರೆ ಹಿಂಡು ಎದ್ದಿತು, ಚದುರಿತು. ಗುಂಡು ಹಾರಿಸದೆ, ಯಾವುದು ಎಲ್ಲಿ ಇಳಿಯಿತು ಅಂತ ಮಾತ್ರ ನೋಡಿಕೊಂಡು, ಹತ್ತು ನಿಮಿಷ ಬಂಡೆಯ ಮೇಲೆ ಕೂತೆವು. ಒಂಟಿಯಾದ ಹಕ್ಕಿ ಪೊದೆಯೊಳಗೆ ಅಡಗುತ್ತದೆ, ಅಲುಗುವುದಿಲ್ಲ. ಅಷ್ಟರಲ್ಲಿ ಅದರ ವಾಸನೆ ಸುತ್ತ ಹರಡುತ್ತದಂತೆ. ಆಮೇಲೆ ನಾಯಿ ಬಿಡಬೇಕು.

ಕೆಂಚಿ ಒಣಹಳ್ಳದ ಅಂಚಿನಲ್ಲಿ ನಿಂತೇ ಬಿಟ್ಟಳು. ಮುಂಗಾಲು ಮಡಿಚಿದ್ದಳು, ಬಾಲ ಕಡ್ಡಿಯಾಗಿತ್ತು. ನನಗೆ ಪೊದೆಯಲ್ಲಿ ಏನೂ ಕಾಣಲಿಲ್ಲ, "ಏನೂ ಇಲ್ಲ ಬಾರೇ" ಎಂದು ಕರೆದೆ. ಅವಳು ಕಿವಿಯನ್ನೂ ತಿರುಗಿಸಲಿಲ್ಲ. ಎರಡು ಹೆಜ್ಜೆ ಇಟ್ಟೆ, ಬುರ್ರೆಂದಿತು. ಮೊದಲ ಹಕ್ಕಿ.

ನೀರಿನದ್ದು ಬೇರೆಯೇ ಲೆಕ್ಕ. ಮೂಗು ಒಣಗಿದರೆ ನಾಯಿಗೆ ವಾಸನೆ ಹತ್ತುವುದು ಕಷ್ಟ, ಬೆಳಗ್ಗೆ ಹತ್ತರ ಮೇಲೆ ಕೆಂಚಿಯ ಓಟ ಮಂಕಾಗುತ್ತಿತ್ತು. ಈಗ ನನ್ನ ಚೀಲದಲ್ಲಿ ನಾಲ್ಕು ಲೀಟರ್ ನೀರು ಹೊರುತ್ತೇನೆ, ಅದರಲ್ಲಿ ಮೂರು ಅವಳದು. ಇನ್ನೊಂದು ಮಾತು: ಚಳಿಗಾಲದ ಮಳೆ ಕೈಕೊಟ್ಟ ವರ್ಷ ಹಸಿರು ಕಡಿಮೆ, ಮರಿಯೂ ಕಡಿಮೆ. ಅಂಥ ವರ್ಷ ನಾನು ನಾಯಿಯನ್ನು ಬರೀ ಓಡಾಡಿಸಿಕೊಂಡು ಬರುತ್ತೇನೆ.

ಹೊಡೆದ ಐದನೆಯ ಹಕ್ಕಿ ಚೋಯಾ ಕಳ್ಳಿಯ ಬುಡಕ್ಕೆ ಬಿತ್ತು. ನಾನು ತಡೆಯುವಷ್ಟರಲ್ಲಿ ಅವಳು ನುಗ್ಗಿದ್ದಳು. ಚೋಯಾದ ತುಂಡು ಸೋಕಿದರೆ ಸಾಕು, ಕಳಚಿ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಗೆ ಹಿಂಬಾಗಿದ ಕೊಕ್ಕೆಗಳಿರುತ್ತವೆ. ಅಂಗಾಲಿನದ್ದನ್ನು ಹಲ್ಲಿನಿಂದ ಕೀಳಲು ಹೋಗಿ ತುಟಿ, ನಾಲಿಗೆಗೂ ಹಚ್ಚಿಕೊಂಡಳು. ಬಾಚಣಿಗೆಯಿಂದ ತುಂಡನ್ನು ಎಗರಿಸಿ, ಉಳಿದ ಮುಳ್ಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕೀಳಬೇಕು. ನನ್ನ ಇಕ್ಕಳ ಕಾರಿನಲ್ಲಿತ್ತು, ಎರಡು ಮೈಲಿ ದೂರ. ಬಾಯಿ ಮುಚ್ಚಲಾಗದ ಇಪ್ಪತ್ತೈದು ಕೆಜಿ ನಾಯಿಯನ್ನು ಹೆಗಲ ಮೇಲೆ ಹೊತ್ತು ಕಲ್ಲಿಳಿಜಾರು ಇಳಿದೆ.

ಸಂಜೆ ಮನೆಯಲ್ಲಿ ಮೆಣಸು ಹಾಕಿ ಸಾರು ಮಾಡಿದೆವು. ಕೆಂಚಿ ತಟ್ಟೆಯ ಹತ್ತಿರ ಬರಲಿಲ್ಲ. ಮೂರು ದಿನದ ಮೇಲೆ ಅವಳ ಕಿವಿಯ ಹಿಂದೆ ಕೈಯಾಡಿಸುವಾಗ ನನ್ನ ಬೆರಳಿಗೆ ಇನ್ನೊಂದು ಮುಳ್ಳು ಚುಚ್ಚಿತು.