ಹಾವನ್ನು ಡಬ್ಬಿಗೆ ಹಾಕಿಟ್ಟಿದ್ದೀರಾ? ಮುಚ್ಚಳ ತೆಗೆಯಬೇಡಿ

ಹೋದ ಮಳೆಗಾಲದಲ್ಲಿ ನೆಂಟರ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಅಡಿಕೆ ತೋಟದ ಮಧ್ಯೆ ಸಿಗುವ ಮನೆ. ಕಾಲೇಜಿಗೆ ಹೋಗುವ ಹುಡುಗ ನನ್ನನ್ನು ಕೋಣೆಗೆ ಕರೆದು, ಮಂಚದ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಎಳೆದ. ಮುಚ್ಚಳಕ್ಕೆ ಕಾದ ಮೊಳೆಯಿಂದ ಏಳೆಂಟು ತೂತು. ಒಳಗೆ ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದದ ನಾಗರ ಮರಿ. ಬೆರಳಲ್ಲಿ ತಟ್ಟಿದ್ದೇ ತಡ, ಎದ್ದು ಹೆಡೆ ಬಿಚ್ಚಿತು. ಎರಡು ರೂಪಾಯಿ ನಾಣ್ಯದಷ್ಟು ಅಗಲ, ಅಷ್ಟೇ.

“ಮರಿ ಅಲ್ವಾ ಮಾವ, ವಿಷ ಇರಲ್ಲ. ಸಾಕ್ತೀನಿ” ಅಂದ.

ನನ್ನ ಕೈಕಾಲು ತಣ್ಣಗಾಯಿತು. ನಾಗರ ಮರಿಗೆ ಮೊಟ್ಟೆಯಿಂದ ಹೊರಬಂದ ದಿನವೇ ವಿಷ ಇರುತ್ತದೆ, ಕಚ್ಚಲೂ ಬರುತ್ತದೆ. ಮೊಬೈಲಿನಲ್ಲಿ ಹಾವು ಹಿಡಿದವರ ವಿಡಿಯೋ ನೋಡಿ ನಮ್ಮ ಎಷ್ಟೋ ಹುಡುಗರು ಹೀಗೇ ಕೈ ಹಾಕುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈಗಾಗಲೇ ಹಿಡಿದಿಟ್ಟಿದ್ದರೆ

ಮುಚ್ಚಳ ತೆಗೆಯಬೇಡಿ. ನೀರು ಕೊಡೋಣ, ಕಪ್ಪೆ ಹಾಕೋಣ ಅಂತ ಕೈ ಹೋಗುತ್ತದೆ. ಅಪಾಯ ಇರುವುದು ಆ ಗಳಿಗೆಯಲ್ಲೇ. ಡಬ್ಬಿಯನ್ನು ಬಿಸಿಲು ತಾಗದ ಕಡೆ ನೆಲದ ಮೇಲೆ ಇಡಿ. ಗಾಳಿಯಾಡುವಂತೆ ಮೇಲೊಂದು ತೆಳು ಬಟ್ಟೆ ಹಾಕಿ. ಕತ್ತಲಾದರೆ ಹಾವು ಸುಮ್ಮನಾಗುತ್ತದೆ. ಮಕ್ಕಳು, ನಾಯಿ ಬರದಂತೆ ಬಾಗಿಲು ಹಾಕಿ, ಹತ್ತಿರದ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ನೀವೇ ತೋಟದಲ್ಲಿ ಬಿಟ್ಟು ಬರಲು ಹೋಗಬೇಡಿ. ನಾವೂ ಹೀಗೇ ಮಾಡಿದೆವು. ಇಲಾಖೆಯವರು ಬಂದು ಡಬ್ಬಿ ಸಮೇತ ಒಯ್ದರು.

ಬ್ರಿಟನ್ನಿನಲ್ಲಿ ವಿಷದ ಹಾವು ಸಾಕಲು 1976ರ ಕಾಯ್ದೆಯಂತೆ ಲೈಸೆನ್ಸ್ ಕೊಡುತ್ತಾರೆ, ವಿಮೆಯೂ ಇರಬೇಕು. ಅಲ್ಲಿನ ವಿಡಿಯೋ ನೋಡಿ ಇಲ್ಲೂ ನಡೆಯುತ್ತದೆ ಅಂದುಕೊಳ್ಳಬೇಡಿ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯ ಲೆಕ್ಕವೇ. ನಾಗರ, ಕಾಳಿಂಗ ಅದರಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯಲ್ಲಿವೆ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ.

ಔಷಧ ಇದೆಯಲ್ಲ ಅನ್ನುವವರಿಗೆ

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಆಂಟಿವೆನಮ್ ನಾಲ್ಕೇ ಹಾವುಗಳ ವಿಷದಿಂದ ತಯಾರಾದದ್ದು: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಮಲೆನಾಡಿನ ಕಾಳಿಂಗಕ್ಕಾಗಲಿ, ತೋಟದ ಗಿಡಗಳಲ್ಲಿ ಕೂರುವ ಹಸಿರು ಮಲಬಾರ್ ಪಿಟ್ ವೈಪರಿಗಾಗಲಿ ಅಂತಲೇ ತಯಾರಾದ ಔಷಧ ದೇಶದಲ್ಲಿಲ್ಲ. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ಗುರುತಿಸಿ, ಅದರ ಹೆಸರಿನಲ್ಲಿ ಕನ್ನಡದ ‘ಕಾಳಿಂಗ’ವನ್ನೇ ಉಳಿಸಿದರು. ನನಗಂತೂ ಅದು ಹೆಮ್ಮೆಯ ವಿಷಯ. ಅಂಥ ಹಾವು ಡಬ್ಬಿಯಲ್ಲಿ ಸಾಯಬಾರದು.

ಕಟ್ಟು ಹಾವಿನದು ಇನ್ನೊಂದು ಥರ. ಹಗಲಲ್ಲಿ ಮುದುಡಿ ಬಿದ್ದಿರುತ್ತದೆ. ಪಾಪದ ಹಾವು ಅಂತ ಕೈಗೆತ್ತಿಕೊಳ್ಳುತ್ತಾರೆ. ರಾತ್ರಿ ಅದರ ಚುರುಕೇ ಬೇರೆ.

ಹಾವು ಮನೆಗೆ ಬಂದರೆ

ದೂರ ನಿಲ್ಲಿ, ಆದರೆ ಕಣ್ಣು ತೆಗೆಯಬೇಡಿ. ಸೌದೆ ರಾಶಿ ಸೇರಿತೋ, ಬಚ್ಚಲ ಹಂಡೆಯ ಸಂದಿಗೆ ಹೋಯಿತೋ ಗೊತ್ತಿದ್ದರೆ ಹಿಡಿಯುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಮಾರ್ಚ್‌ನಿಂದ ಮೇ ತನಕ ಕಾಳಿಂಗಗಳು ಜೊತೆ ಹುಡುಕಿ ಓಡಾಡುತ್ತವೆ, ಆಗ ಕೊಟ್ಟಿಗೆಗೂ ಬರುತ್ತವೆ.

ಪಳಗಿದವರು ಹಿಡಿಯುವುದನ್ನು ಒಮ್ಮೆ ನೋಡಬೇಕು. ಕರಿ ಚೀಲದ ಬಾಯಿಗೆ ಪೈಪ್ ತುಂಡು ಕಟ್ಟಿ ನೆಲಕ್ಕೆ ಇಡುತ್ತಾರೆ. ಕೊಕ್ಕೆಯಲ್ಲಿ ಮೆಲ್ಲಗೆ ದಾರಿ ತೋರಿಸುತ್ತಾರೆ. ಬಿಲ ಸಿಕ್ಕಿತು ಅಂತ ಹಾವು ತಾನೇ ಒಳಗೆ ಹೋಗುತ್ತದೆ. ಕತ್ತು ಹಿಡಿಯುವುದಿಲ್ಲ, ಮುತ್ತು ಕೊಡುವುದಿಲ್ಲ. ಹಾವಿನ ಜೊತೆ ಫೋಟೋ ಕೊಡಿ ಅಂತ ಅವರನ್ನು ನೀವು ಕೇಳಲೂಬೇಡಿ.

ಕಚ್ಚಿದರೆ

ಗಡಿಯಾರ ನೋಡಿ, ಹೊತ್ತು ನೆನಪಿಡಿ. ಉಂಗುರ, ಬಳೆ, ಕಾಲುಂಗುರ, ವಾಚು ಬಿಚ್ಚಿ, ಊತ ಬಂದ ಮೇಲೆ ಆಗುವುದಿಲ್ಲ. ಕಚ್ಚಿದ ಕೈಕಾಲಿಗೆ ಅಡಿಕೆ ದಬ್ಬೆಯೋ ಕೋಲೋ ಇಟ್ಟು ಸಡಿಲವಾಗಿ ಕಟ್ಟಿ, ಅಲುಗದಿದ್ದರೆ ಸಾಕು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ. ಆಗುಂಬೆ ಕಡೆಯವರಿಗೆ ಶಿವಮೊಗ್ಗ ದೂರ. ಮೊದಲು ಆಂಟಿವೆನಮ್ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮುಂದಿನದನ್ನು ಡಾಕ್ಟರ್ ಹೇಳುತ್ತಾರೆ.

ನಾಟಿ ಔಷಧ ನೋಡೋಣ ಅಂತ ಕಾಯಬೇಡಿ. ಕಟ್ಟು ಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು. ಆಮೇಲೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಿಗೇ ತೊಂದರೆ. ಹಾವನ್ನು ಕೊಂದು ತರುವ ಅಗತ್ಯವೂ ಇಲ್ಲ. ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಲಕ್ಷಣ ನೋಡಿ ಡಾಕ್ಟರ್ ಚಿಕಿತ್ಸೆ ಕೊಡುತ್ತಾರೆ. ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿರಬಹುದು ಅಂತ ಲೆಕ್ಕ.

ನೆಂಟರ ಮನೆಯಲ್ಲಿ ಆ ಹುಡುಗ ಈಗಲೂ ನೆಲದ ಮೇಲೇ ಮಲಗುತ್ತಾನೆ. ಆದರೆ ಸೊಳ್ಳೆ ಪರದೆ ಕಟ್ಟಿ, ಹಾವು ಒಳಗೆ ನುಸುಳದಂತೆ ಅದರ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾನೆ. ತಲೆದಿಂಬಿನ ಪಕ್ಕದಲ್ಲಿ ಟಾರ್ಚ್ ಇರುತ್ತದೆ.