ಒಂದೇ ಓದಿನಲ್ಲಿ ಹಲವು ಪದ ಹುಡುಕುವುದು ಹೇಗೆ?

ಫೈಲಿನಲ್ಲಿ ಒಂದು ಪದ ಹುಡುಕುವುದು ಸುಲಭ. ಸಾವಿರ ಪದ ಹುಡುಕಬೇಕಾದರೆ? ಫೈಲನ್ನು ಸಾವಿರ ಸಲ ಓದಿಸುವುದು ಸುಮ್ನೆ ದಂಡ. 1975ರಲ್ಲಿ ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಏಹೋ ಮತ್ತು ಮಾರ್ಗರೆಟ್ ಕೊರಾಸಿಕ್ ಇದಕ್ಕೊಂದು ದಾರಿ ತೋರಿಸಿದರು. ಗ್ರಂಥಸೂಚಿ ಹುಡುಕುವ ಪ್ರೋಗ್ರಾಮ್ ಅದರಿಂದ 5ರಿಂದ 10 ಪಟ್ಟು ವೇಗವಾಯಿತು. ವೈರಸ್ ಪತ್ತೆಮಾಡುವ ಕ್ಲಾಮ್‌ಎವಿ ಇವತ್ತಿಗೂ ಇದನ್ನು ಬಳಸುತ್ತದೆ. ಕೋಡ್ ಬರೆಯುವ ಮೊದಲು ಒಮ್ಮೆ ಪೆನ್ಸಿಲ್ ಹಿಡಿದು ಮಾಡಿ ನೋಡಿ.

ನಮ್ಮ ಪದಗಳು: ಸಮರ, ಸರ, ಮರ, ರಸ.

ಹಂತ 1. ಹಾಳೆಯ ಮೇಲ್ತುದಿಯಲ್ಲಿ ಒಂದು ಸುತ್ತು ಬರೆಯಿರಿ. ಅದು ಬೇರು. ಅಲ್ಲಿಂದ ಅಕ್ಷರಕ್ಕೊಂದು ಗೆರೆ, ಗೆರೆಯ ತುದಿಗೊಂದು ಸುತ್ತು. ‘ಸಮರ’ಕ್ಕೂ ‘ಸರ’ಕ್ಕೂ ಮೊದಲ ‘ಸ’ ಒಂದೇ, ಆಮೇಲೆ ಕವಲು. ಪದ ಮುಗಿಯುವ ಸುತ್ತಿಗೆ ಗುರುತು ಹಾಕಿ. ಬೇರು ಬಿಟ್ಟು ಎಂಟು ಸುತ್ತು ಬರಬೇಕು. ಈ ರಚನೆಗೆ ಟ್ರೈ ಎನ್ನುತ್ತಾರೆ.

ಹಂತ 2. ಜಾಣತನವೆಲ್ಲ ಇರುವುದು ಇಲ್ಲೇ. ಮುಂದಿನ ಅಕ್ಷರಕ್ಕೆ ಗೆರೆ ಸಿಗದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಪ್ರತಿ ಸುತ್ತಿನಿಂದಲೂ ಒಂದು ಬಾಣ ಎಳೆಯಬೇಕು. ಅಲ್ಲಿಯವರೆಗೆ ಓದಿದ್ದರಲ್ಲಿ ಮೊದಲ ಅಕ್ಷರದಿಂದ ಒಂದೊಂದೇ ಕಳಚುತ್ತಾ ಬನ್ನಿ. ಉಳಿದ ತುಂಡು ಬೇರಿನಿಂದ ಹೊರಟ ಯಾವುದಾದರೂ ದಾರಿಗೆ ಕೂಡಿದರೆ ಬಾಣ ಅಲ್ಲಿಗೆ. ‘ಸಮ’ದಿಂದ ‘ಮ’ಕ್ಕೆ, ‘ಸಮರ’ದಿಂದ ‘ಮರ’ಕ್ಕೆ, ‘ಮರ’ ಮತ್ತು ‘ಸರ’ದಿಂದ ‘ರ’ಕ್ಕೆ, ‘ರಸ’ದಿಂದ ‘ಸ’ಕ್ಕೆ. ಒಂಟಿ ಅಕ್ಷರಗಳ ಬಾಣ ಬೇರಿಗೇ. ಮೇಲಿನ ಸಾಲು ಮುಗಿಸಿಯೇ ಕೆಳಗಿನ ಸಾಲಿಗೆ ಇಳಿಯಿರಿ. ಮೇಲಿನ ಬಾಣ ಗೊತ್ತಿದ್ದರೆ ಕೆಳಗಿನದು ತಾನಾಗಿ ಸಿಗುತ್ತದೆ.

ಹಂತ 3. ‘ಸಮರ’ದ ಬಾಣ ‘ಮರ’ಕ್ಕೆ ಹೋಗುತ್ತದೆ, ಅಲ್ವಾ? ಹಾಗಾಗಿ ‘ಸಮರ’ ಸಿಕ್ಕಾಗ ‘ಮರ’ವೂ ಸಿಕ್ಕಿದೆ ಎಂದು ಅಲ್ಲೇ ಬರೆದಿಡಿ. ಇದನ್ನು ಬಿಟ್ಟರೆ ಒಳಗಿರುವ ಚಿಕ್ಕ ಪದಗಳು ತಪ್ಪಿಹೋಗುತ್ತವೆ.

ಹಂತ 4. ಈಗ ‘ಸಮರಸ’ ಓದಿಸಿ. ಸ, ಮ, ರ: ‘ಸಮರ’, ‘ಮರ’ ಎರಡೂ ಸಿಕ್ಕವು. ಮುಂದಿನ ‘ಸ’ಕ್ಕೆ ಅಲ್ಲಿಂದ ಗೆರೆಯಿಲ್ಲ. ಬಾಣ ಹಿಡಿದು ‘ಮರ’ಕ್ಕೆ ಹೋದರೆ ಅಲ್ಲೂ ಇಲ್ಲ. ಇನ್ನೊಂದು ಬಾಣ ಹಿಡಿದರೆ ‘ರ’, ಅಲ್ಲಿ ಗೆರೆ ಉಂಟು. ‘ರಸ’ ಸಿಕ್ಕಿತು! ಪಠ್ಯದಲ್ಲಿ ಒಂದಕ್ಷರವೂ ಹಿಂದೆ ಹೋಗಲಿಲ್ಲ. ಬಾಣ ಹಿಡಿದಾಗಲೆಲ್ಲ ಬೇರಿನ ಕಡೆ ಏರುತ್ತೇವೆ. ಇಳಿದದ್ದಕ್ಕಿಂತ ಜಾಸ್ತಿ ಏರಲು ಆಗುವುದಿಲ್ಲ. ಹಾಗಾಗಿ ಒಟ್ಟು ಕೆಲಸ ಪಠ್ಯದ ಉದ್ದದ ಎರಡು ಪಟ್ಟು ದಾಟದು. ಸಿಕ್ಕ ಪದಗಳನ್ನು ಬರೆದುಕೊಳ್ಳುವ ಕೆಲಸ ಮಾತ್ರ ಬೇರೆ.

ಕನ್ನಡಕ್ಕೆ ಒಂದು ಎಚ್ಚರಿಕೆ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ ಬೇರೆಯದೇ ಸಂಕೇತ. ಆದ್ದರಿಂದ ‘ಮರಿ’ಯಲ್ಲೂ ‘ಮರೆ’ಯಲ್ಲೂ ಯಂತ್ರಕ್ಕೆ ‘ಮರ’ ಕಾಣುತ್ತದೆ. ‘ಸ್ಮರಣೆ’ಯ ಒತ್ತಕ್ಷರದಿಂದಲೂ ಅದನ್ನು ಹೆಕ್ಕಿ ತೆಗೆಯುತ್ತದೆ. ಸಿಕ್ಕ ಪದದ ಮುಂದೆ ಗುಣಿತದ ಚಿಹ್ನೆಯೋ ವಿರಾಮವೋ (ಅಕ್ಷರದ ‘ಅ’ಕಾರ ತೆಗೆಯುವ ‘್’ ಚಿಹ್ನೆ) ಇದ್ದರೆ, ಅಥವಾ ಹಿಂದೆ ವಿರಾಮ ಇದ್ದರೆ, ಅದನ್ನು ಬಿಟ್ಟುಬಿಡಿ. ಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಲೈಬ್ರರಿ ಇದೆ. ಆದರೆ ಈ ತಪಾಸಣೆಯನ್ನು ನೀವೇ ಸೇರಿಸಬೇಕು.