ಇ-ಗುಜರಿಯ ಪ್ಲಾಸ್ಟಿಕ್: ಉಪ್ಪುನೀರಿನಲ್ಲಿ ಬೇರ್ಪಡಿಸುವ ಕ್ರಮ

ಗುಜರಿಗೆ ಬರುವ ಟೀವಿ, ಪ್ರಿಂಟರ್, ಕೀಬೋರ್ಡ್‌ಗಳ ಕವಚ ಹೆಚ್ಚಾಗಿ ಎಬಿಎಸ್ ಅಥವಾ ಹಿಪ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಎರಡೂ ಕರಗಿಸಿ ಮತ್ತೆ ಬಳಸಬಹುದಾದ ಮಾಲು. ತೊಡಕಿರುವುದು ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸೇರಿಸಿದ ತುಂಡುಗಳಲ್ಲಿ. ಹಳೆಯ ಪಿಕ್ಚರ್ ಟ್ಯೂಬ್ ಟೀವಿಗಳ ಹಿಂಬದಿ ಕವಚದಲ್ಲಿ ಇದು ಸಾಮಾನ್ಯ. ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಒಳ್ಳೆಯ ಮಾಲಿಗೆ ಬೆರೆತರೆ ಇಡೀ ಲಾಟ್ ಹಾಳು. ಮಂಗಳೂರಿನ ಬೈಕಂಪಾಡಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಈ ಕೆಲಸಕ್ಕೆ 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಣಿ ಬೇಕು. ಮನೆಯಂಗಳದಲ್ಲಿ ಮಾಡುವಂಥದ್ದಲ್ಲ.

ಬಿಚ್ಚುವಾಗ ಸ್ಕ್ರೂ, ಸ್ಟಿಕ್ಕರ್, ರಬ್ಬರ್ ಕಾಲು, ಫೋಮ್ ಎಲ್ಲ ತೆಗೆಯಿರಿ. ಸ್ಕ್ರೂ ಕೂರುವ ಹಿತ್ತಾಳೆಯ ಪುಟ್ಟ ಕೊಳವೆಗಳನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಆ ಮೂಲೆಯನ್ನೇ ಇಕ್ಕಳದಿಂದ ಮುರಿದು ಬಿಸಾಡಿ, ಇಲ್ಲವಾದರೆ ಕ್ರಷರ್‌ನ ಬ್ಲೇಡು ಹೋಗುತ್ತದೆ.

ಕವಚದ ಒಳಬದಿಯಲ್ಲಿ ಪ್ಲಾಸ್ಟಿಕ್‌ನ ಹೆಸರು ಅಚ್ಚಾಗಿದ್ದರೆ ಓದಿ. ಎಫ್‌ಆರ್ (FR, ಬೆಂಕಿನಿರೋಧಕ) ಎಂದು ಬರೆದು ಆವರಣದಲ್ಲಿ 14ರಿಂದ 22ರ ನಡುವಿನ ಅಂಕಿ ಇದ್ದರೆ ಬ್ರೋಮಿನ್ ಗುಂಪು. ಕ್ರಷರ್‌ಗೆ ಹಾಕದೆ ನೇರ ಬೇರೆ ಇಡಿ. 40 ಎಂದಿದ್ದರೆ ರಂಜಕದ್ದು, ಬ್ರೋಮಿನ್ ಗುಂಪಲ್ಲ. ಹಳೆಯ ಸರಕಿನಲ್ಲಿ ಗುರುತೇ ಇರುವುದಿಲ್ಲ. ಉಪ್ಪುನೀರು ಬೇಕಾಗುವುದು ಅದಕ್ಕೇ: ಬ್ರೋಮಿನ್ ಸೇರಿದ ತುಂಡು ಭಾರ, ಮುಳುಗುತ್ತದೆ; ಒಳ್ಳೆಯ ಮಾಲು ತೇಲುತ್ತದೆ.

ತುಂಡುಗಳನ್ನು 8–10 ಮಿ.ಮೀ. ಗಾತ್ರಕ್ಕೆ ಪುಡಿಮಾಡಿ. ದೂಳಿಗೆ ಮಾಸ್ಕ್ ಕಡ್ಡಾಯ. ಮೊದಲ ಟ್ಯಾಂಕಿನಲ್ಲಿ ಬರೀ ನೀರು: ಪಿಪಿ, ಅಂದರೆ ಪಾಲಿಪ್ರೊಪಿಲೀನ್ (ಸಾಂದ್ರತೆ 0.90, ನೀರಿನದು 1) ಮೇಲೆ ಬರುತ್ತದೆ, ಕೆನೆಯಂತೆ ತೆಗೆಯಿರಿ. ಮುಳುಗಿದ್ದನ್ನು ಬಸಿದು ಎರಡನೆಯ ಟ್ಯಾಂಕಿಗೆ ಹಾಕಿ. ಅಲ್ಲಿ 100 ಲೀಟರ್ ನೀರಿಗೆ ಸುಮಾರು 12.5 ಕೆ.ಜಿ. ಕಲ್ಲುಪ್ಪು, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.08 ತೋರಿಸಬೇಕು. ಮಳೆಗಾಲದಲ್ಲಿ ಉಪ್ಪೇ ನೀರು ಕುಡಿದಿರುತ್ತದೆ, ಹಾಗಾಗಿ ತೂಕಕ್ಕಿಂತ ಹೈಡ್ರೋಮೀಟರನ್ನೇ ನಂಬಿ. ಸಮುದ್ರ ಪಕ್ಕದಲ್ಲೇ ಇದೆಯಲ್ಲ ಎಂದು ಕಡಲ ನೀರು ತುಂಬಿಸಿ ಪ್ರಯೋಜನವಿಲ್ಲ, ಅದು 1.025ರ ಆಸುಪಾಸಿನದು, ಎಬಿಎಸ್ ಕೂಡ ಮುಳುಗಿಬಿಡುತ್ತದೆ.

ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿ ಚೆನ್ನಾಗಿ ಕದಡಿ, ಐದು ನಿಮಿಷ ಬಿಡಿ. ಸೋಪಿಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಭಾರದ ತುಂಡೂ ತೇಲುತ್ತದೆ. ಮೇಲೆ ಬಂದದ್ದು ಎಬಿಎಸ್, ಹಿಪ್ಸ್ (1.03–1.06). ತಳ ಸೇರಿದ್ದು ಬ್ರೋಮಿನ್‌ನದು, ಪಿಸಿ (ಪಾಲಿಕಾರ್ಬೊನೇಟ್), ಪಿವಿಸಿ. ಪಿಸಿ-ಎಬಿಎಸ್ ಮಿಶ್ರಣವೂ ಇಲ್ಲೇ ಸಿಗುತ್ತದೆ. ಕಡಿಮೆ ಖರ್ಚಿನಲ್ಲಿ ಅದನ್ನು ಹೆಕ್ಕಲಾಗದು, ಬಿಟ್ಟುಬಿಡಿ.

ಮೊದಲ ಟ್ಯಾಂಕಿನ ಒದ್ದೆ ತುಂಡುಗಳು ಪ್ರತಿ ಸಲ ಒಂದಿಷ್ಟು ಸಿಹಿನೀರು ತರುತ್ತವೆ. ಸಾಂದ್ರತೆ 1.05ಕ್ಕೆ ಇಳಿದರೆ ಒಳ್ಳೆಯ ಮಾಲು ಮುಳುಗುತ್ತದೆ, ನಷ್ಟ ದುಡ್ಡಿನದು ಅಷ್ಟೇ. ಉಪ್ಪು ಹೆಚ್ಚಾಗಿ 1.12 ದಾಟಿದರೆ ಬ್ರೋಮಿನ್ ಕಡಿಮೆ ಇರುವ ತುಂಡು ಮೇಲೆ ಬಂದು ಒಳ್ಳೆಯದರ ಜತೆ ಸೇರುತ್ತದೆ. ಕೆಟ್ಟ ತಪ್ಪು ಇದು. ಸರಿಯಾದ ಅಳತೆಯಲ್ಲೂ ಒಂದೆರಡು ನುಸುಳಬಹುದು, ಆದ್ದರಿಂದ ಮಾರುವ ಮುಂಚೆ ಎಕ್ಸ್-ಕಿರಣದಿಂದ ಬ್ರೋಮಿನ್ ಪತ್ತೆಹಚ್ಚುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸಿ. ಇನ್ನೊಂದು ಕಳ್ಳ, ಟಾಲ್ಕ್ (ಬಳಪದ ಕಲ್ಲಿನ ಪುಡಿ) ಬೆರೆತ ಪಿಪಿ: 20% ಟಾಲ್ಕ್ ಇದ್ದರೆ ಎಬಿಎಸ್‌ನಷ್ಟೇ ಭಾರ, ಅದರ ಜತೆಗೇ ತೇಲುತ್ತದೆ. ಎರಡೂ ಬೆರೆತ ಅಚ್ಚು ಪದರು ಪದರಾಗಿ ಬಿಡುತ್ತದೆ. ಅನುಮಾನ ಬಂದ ತುಂಡಿಗೆ ಅಸಿಟೋನ್ ಹಚ್ಚಿ. ಎಬಿಎಸ್ ಅಂಟಂಟಾಗುತ್ತದೆ, ಪಿಪಿಗೆ ಏನೂ ಆಗದು.

ತೇಲಿದ ಮಾಲನ್ನು ಸಿಹಿನೀರಿನಲ್ಲಿ ಎರಡು ಬಾರಿ ತೊಳೆಯಿರಿ. ಉಪ್ಪು ಉಳಿದರೆ ಕರಗಿಸಿ ಹೊರತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್ ತುಕ್ಕು ಹಿಡಿಯುತ್ತದೆ. ಎಬಿಎಸ್ ತೇವ ಹೀರುವ ಜಾತಿ. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಚಪ್ಪರದಡಿ ಹರವಿದರೆ ಒಣಗದು, 80 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ 2–4 ಗಂಟೆ ಇಡಬೇಕು. ಒದ್ದೆಯೇ ಕರಗಿಸಿದರೆ ಅಚ್ಚಿನ ಮೇಲೆ ಬೆಳ್ಳಿಗೆರೆ ಬೀಳುತ್ತದೆ. ಕರಗಿಸಲು 210–240 ಡಿಗ್ರಿ ಸಾಕು.

ಬಳಸಿದ ಉಪ್ಪುನೀರನ್ನು ತೋಡಿಗೆ ಬಿಡಬೇಡಿ, ಸುತ್ತಲಿನ ಬಾವಿಗಳೆಲ್ಲ ಉಪ್ಪಾಗುತ್ತವೆ. ರಾತ್ರಿ ತಿಳಿಯಾಗಲು ಬಿಟ್ಟು ಮರುದಿನ ಅದನ್ನೇ ಬಳಸಿ. ತಳದ ಕೆಸರು, ಮುಳುಗಿದ ಪ್ಲಾಸ್ಟಿಕ್ ಎರಡನ್ನೂ ಚೀಲ ಕಟ್ಟಿ, ಲೇಬಲ್ ಹಚ್ಚಿ, ಮಳೆನೀರು ತಾಗದ ಕಡೆ ಇಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಅನುಮತಿ ಇರುವ ಘಟಕಕ್ಕೆ ಕಳುಹಿಸಿ.